ಸೀಸದ ಪ್ಲಗ್

ಸತ್ತ ಸ್ಟೀಮ್ ಎಂಜಿನ್ನಿಗೆ ಬಣ್ಣ ಬಳಿದು ನಿಲ್ಲಿಸಿದರೆ ಜನ ಯಾಕೆ ಹೀಗೆ ಮುಗಿಬೀಳುತ್ತಾರೋ ಅಂತ ನಾನು ಆಡಿಕೊಳ್ಳುತ್ತಿದ್ದೆ. ಮಾಲೂರು ಕಡೆಯ ಒಂದು ಸ್ಟೇಷನ್ನಿನ ಮುಂದೆ ನಿಂತಾಗ ಗೊತ್ತಾಯಿತು. ಆಳೆತ್ತರದ ಗಾಲಿಗಳು, ಅವನ್ನು ಒಂದಕ್ಕೊಂದು ಬಿಗಿದ ಉಕ್ಕಿನ ತೋಳುಗಳು, ಎಲ್ಲವೂ ಕಣ್ಣಿಗೆ ಕಾಣುತ್ತವೆ. ಈಗಿನ ಎಂಜಿನ್ನು ಮುಚ್ಚಿದ ಡಬ್ಬಿ, ಇದು ಕರುಳು ತೋರಿಸಿಕೊಂಡೇ ಓಡಿದ್ದು. ಕೋಲಾರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟ ನನಗೂ ಅದು ಹಿಡಿಸಿತು. ಆದರೆ ನಾನು ಹೋದದ್ದು ಎಂಜಿನ್ ನೋಡುವುದಕ್ಕಲ್ಲ, ನಮ್ಮಪ್ಪನ ಮಾನ ಕಳೆಯುವುದಕ್ಕೆ.

ನಮ್ಮಪ್ಪ ಇಂಥದೇ ಎಂಜಿನ್ನಿನ ಡ್ರೈವರ್ ಆಗಿದ್ದವನು. ಎಂಬತ್ತೈದು ದಾಟಿದೆ, ಕಿವಿ ಅರ್ಧ ಹೋಗಿದೆ, ಜಂಬ ಮಾತ್ರ ಪೂರ್ತಿ ಉಳಿದಿದೆ. ಎಂಜಿನ್ನನ್ನು ಜನರಿಗೆ ತೋರಿಸುವ ಮೊದಲ ದಿನ ಅದರ ಮೇಲೆ ನಿಂತು ಮಾತಾಡಲು ಅವನನ್ನು ಕರೆದಿದ್ದರು. ಶರಟಿನ ಇಸ್ತ್ರಿ ಸರಿಯಿಲ್ಲ ಅಂತ ಎರಡು ಸಲ ನನ್ನನ್ನು ಬೈದ. ಬೈಸಿಕೊಂಡೆ. ನನ್ನ ಯೋಚನೆ ಬೇರೆ ಇತ್ತು.

ಗಾಡಿ ಓಡಿಸುತ್ತಿದ್ದ ಕಾಲದಲ್ಲಿ ಅವನ ಜೊತೆ ಶ್ರೀನಿವಾಸಪುರದ ಕಡೆಯ ಒಬ್ಬ ಫೈರ್‌ಮನ್ ಇದ್ದರು. ಕಲ್ಲಿದ್ದಲು ಹಾಕುವುದು, ಬಾಯ್ಲರಿನ ನೀರು ನೋಡಿಕೊಳ್ಳುವುದು ಅವರ ಕೆಲಸ. ಬೆಂಕಿ ಉರಿಯುವ ಪೆಟ್ಟಿಗೆಯ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು, ಇಲ್ಲದಿದ್ದರೆ ಉಕ್ಕು ಕೆಂಪಗೆ ಕಾದು ಬಾಯ್ಲರ್ ಸಿಡಿಯುತ್ತದೆ. ಹಾಗಾಗದಿರಲಿ ಅಂತ ನೆತ್ತಿಯಲ್ಲಿ ಒಂದು ಸೀಸದ ಪ್ಲಗ್ ಕೂರಿಸಿರುತ್ತಾರೆ. ನೀರು ಇಳಿದರೆ ಮೊದಲು ಸೀಸ ಕರಗುತ್ತದೆ, ಆ ತೂತಿನಿಂದ ಹಬೆ ನುಗ್ಗಿ ಬೆಂಕಿಯ ಮೇಲೆ ಬೀಳುತ್ತದೆ. ಗಾಡಿ ನಿಲ್ಲುತ್ತದೆ, ಜೀವ ಉಳಿಯುತ್ತದೆ, ಪ್ಲಗ್ ಕರಗಿಸಿದವನ ಹೆಸರು ಕೆಡುತ್ತದೆ.

ನಾನು ಬಿಎಸ್ಸಿ ಓದುತ್ತಿದ್ದಾಗ ಟೇಕಲ್ ಹತ್ತಿರ ಹಾಗೇ ಆಯಿತು. ಏರಿನಲ್ಲಿ ಬಾಯ್ಲರಿನ ನೀರು ಹಿಂದಕ್ಕೆ, ಬೆಂಕಿಯ ಕಡೆಗೆ ಸರಿಯುತ್ತದೆ. ಅಲ್ಲಿರುವ ಗಾಜಿನ ಕೊಳವೆಯಲ್ಲಿ ನೀರು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಫೈರ್‌ಮನ್ ಅದಕ್ಕೆ ಮೋಸ ಹೋಗಲಿಲ್ಲ, ಈಗಲೇ ನೀರು ಬಿಡೋಣ ಅಂದರು. ತಣ್ಣೀರು ಬಿಟ್ಟರೆ ಹಬೆಯ ಒತ್ತಡ ಇಳಿದು ಗಾಡಿ ತಡವಾಗುತ್ತದೆ. ನಮ್ಮಪ್ಪನ ಗಾಡಿ ತಡವಾಗುವುದುಂಟೇ! ಏರು ಹತ್ತೋವರೆಗೂ ಸುಮ್ನಿರು ಅಂದ. ಇಳಿಜಾರು ಸಿಕ್ಕಿದ್ದೇ ನೀರೆಲ್ಲ ಮುಂದಕ್ಕೆ ಓಡಿತು, ನೆತ್ತಿ ಬತ್ತಿತು, ಸೀಸ ಕರಗಿತು. ಕಲ್ಲಿದ್ದಲು ಹಾಕಲು ತೆರೆದಿದ್ದ ಬಾಗಿಲಿನಿಂದ ನುಗ್ಗಿದ ಹಬೆ ಫೈರ್‌ಮನ್ನರ ಬಲಗೈಯನ್ನು ಮೊಣಕೈವರೆಗೆ ಬೇಯಿಸಿತು. ‘ಫೈರ್‌ಮನ್ ನೀರು ನೋಡಲಿಲ್ಲ’ ಅಂತ ನಮ್ಮಪ್ಪ ಮೇಲಿನವರಿಗೆ ಬರೆದುಕೊಟ್ಟ. ಅವರನ್ನು ಎಂಜಿನ್ನಿನಿಂದ ಇಳಿಸಿ ಶೆಡ್ಡಿನಲ್ಲಿ ಬೂದಿ ಬಾಚಲು ಹಾಕಿದರು. ರಿಟೈರ್ ಆಗುವವರೆಗೂ ಬಾಚಿದರು.

ಆ ದಿನ ನಡೆದದ್ದನ್ನೆಲ್ಲ ನನಗೆ ಹೇಳಿದ್ದು ಅವರೇ, ಅದಾದ ಕೆಲವೇ ದಿನಕ್ಕೆ ಕೈಗೆ ಬಟ್ಟೆ ಸುತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತು. ‘ನಿಜ ಬರೀರಿ ಅಂತ ಅಪ್ಪಂಗೆ ಒಂದು ಮಾತು ಹೇಳಮ್ಮಾ’ ಅಂದರು. ‘ಅಪ್ಪ ಮನೇಲಿಲ್ಲ’ ಅಂದವಳು ನಾನು. ಅಪ್ಪ ಒಳಗೆ ಉಣ್ಣುತ್ತಿದ್ದ, ತಟ್ಟೆಯ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೇ ಅವರನ್ನು ಹುಡುಕಿ ಫೋನ್ ಮಾಡಿದೆ. ಎಂಜಿನ್ ನೋಡೋಕೆ ಬನ್ನಿ ಅಂದೆನೇ ಹೊರತು ಬೇರೇನೂ ಹೇಳಲಿಲ್ಲ. ತುಂಬು ತೋಳಿನ ಶರಟು ಹಾಕಿಕೊಂಡು, ಕಾಲೇಜು ಓದುವ ಮೊಮ್ಮಗಳನ್ನು ಕರೆದುಕೊಂಡು ಬಂದರು. ಮುಖದಲ್ಲಿ ಮದುವೆಗೆ ಬಂದವರ ಕಳೆ ಇತ್ತು.

ನಮ್ಮಪ್ಪ ಎಂಜಿನ್ನಿನ ಮೇಲೆ ನಿಂತು ಬೆಂಕಿ, ನೀರು, ಹಬೆ ಎಲ್ಲವನ್ನೂ ಸೊಗಸಾಗಿಯೇ ವಿವರಿಸಿದ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಪ್ಲಗ್ಗಿನ ಮಾತು ಬಂತು. ನಾನು ಕೆಳಗಿನಿಂದ ಕೂಗಿದೆ.

‘ಅಪ್ಪಾ, ಅದು ಕರಗಿದ್ರೆ ಯಾರ ತಪ್ಪು?’

‘ಫೈರ್‌ಮನ್‌ದು ಕಣೇ, ಇನ್ಯಾರ್ದು!’

ಜನ ನಕ್ಕರು. ನಾನು ಫೈರ್‌ಮನ್ನರ ತೋಳು ಹಿಡಿದು ಮುಂದಕ್ಕೆ ಎಳೆದೆ, ಕಿವುಡನಿಗೂ ಕೇಳಲಿ ಅಂತ ಗಂಟಲು ಹರಿಯುವ ಹಾಗೆ ಕಿರುಚಿದೆ. ‘ನಿನ್ನ ತಪ್ಪಿಗೆ ಜೀವಮಾನವೆಲ್ಲ ಬೂದಿ ಬಾಚಿದ ಫೈರ್‌ಮನ್ ಇವರೇ. ಇವರ ಮುಖ ನೋಡಿ ಹೇಳು!’

ಎಷ್ಟು ಹಿತವಾಗಿತ್ತು ಆ ಕ್ಷಣ. ಪಕ್ಕದಲ್ಲಿ ಮೊಮ್ಮಗಳ ದನಿ ಕೇಳುವವರೆಗೆ ಮಾತ್ರ.

‘ತಾತಾ, ನುವ್ವು ಡ್ರೈವರ್ ಕಾದಾ?’

ನೀನು ಡ್ರೈವರ್ ಅಲ್ವಾ ಅಂತ ಅವಳು ತೆಲುಗಿನಲ್ಲಿ ಕೇಳಿದ್ದು. ಮನೆಯವರ ಪಾಲಿಗೆ ಫೈರ್‌ಮನ್ ಇಷ್ಟು ವರ್ಷವೂ ಡ್ರೈವರ್ ಆಗಿದ್ದರು. ಅವರು ಶರಟಿನ ತೋಳನ್ನು ಬೆರಳುಗಳವರೆಗೆ ಎಳೆದುಕೊಂಡರು.

ನಮ್ಮಪ್ಪ ಆ ಕೈಯನ್ನೇ ನೋಡುತ್ತಿದ್ದ. ಆಮೇಲೆ ಮೊಮ್ಮಗಳ ಕಡೆ ತಿರುಗಿದ. ‘ನನ್ನ ಮಗಳಿಗೆ ಅರಳುಮರಳು. ಆ ಫೈರ್‌ಮನ್ ಬೇರೆ, ಅವನು ಸತ್ತೇ ಹೋದ. ಇವ್ನು ಡ್ರೈವರ್ ಕಣಮ್ಮಾ, ನನಗಿಂತ ಒಳ್ಳೇ ಡ್ರೈವರ್. ಬಾರಯ್ಯಾ, ಮೇಲಕ್ಕೆ ಬಾ.’

ಒಂದು ಸುಳ್ಳಿನಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಸುಳ್ಳಿನಲ್ಲಿ ವಾಪಸ್ ಕೊಟ್ಟ, ತಾನೂ ತಪ್ಪಿಸಿಕೊಂಡ. ಫೈರ್‌ಮನ್ ಕಂಬಿ ಹಿಡಿದು ಹತ್ತಿದರು, ಡ್ರೈವರ್ ಜಾಗದಲ್ಲಿ ನಿಂತರು. ಮೊಮ್ಮಗಳು ಫೋಟೋ ತೆಗೆದಳು. ಇಳಿಯುವಾಗ ಅವರು ಎರಡೂ ಕೈ ಎತ್ತಿ ನಮ್ಮಪ್ಪನಿಗೆ ಮುಗಿದರು.

ನನ್ನ ಪಕ್ಕ ಹಾದು ಹೋಗುವಾಗ ಒಂದು ಗಳಿಗೆ ನಿಂತರು. ಮೊಮ್ಮಗಳಿಗೆ ಕೇಳದಷ್ಟು ಮೆಲ್ಲಗೆ ಅಂದರು: ‘ಈ ಮಾತು ನೀನು ಅವತ್ತು ಬಾಗಿಲಲ್ಲಿ ಹೇಳ್ಬೇಕಾಗಿತ್ತಮ್ಮಾ.’