ಇನ್ನೂರ ಹದಿನೈದು ತುಂಡುಗಳ ಘನ

ಮಾಗಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಮಕ್ಕಳನ್ನು ಗುಂಪಾಗಿ ಕೂರಿಸಿ ಚಟುವಟಿಕೆ ಮಾಡಿಸಿದರೆ ವರ್ಗಮೂಲ, ಘನಮೂಲ ಸುಲಭವಾಗಿ ಅರ್ಥವಾಗುತ್ತವೆ ಎಂದು ತರಬೇತಿಯಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ. ಒಬ್ಬ ಲೆಕ್ಕ ಮಾಡುತ್ತಾನೆ, ಉಳಿದವರು ನೋಡಿಕೊಂಡು ಬರೆಯುತ್ತಾರೆ, ಅಷ್ಟೇ. ವಿಶ್ವವಿದ್ಯಾಲಯದಿಂದ ಹೊತ್ತು ತಂದ ಅನುಮಾನದ ಸ್ವಭಾವ ನನ್ನದು. ಆದರೂ ಮಾದರಿ ಪಾಠದ ಸರದಿ ನನಗೇ ಬಂತು. ನೋಡಲು ಸುತ್ತಲಿನ ಶಾಲೆಗಳ ಶಿಕ್ಷಕರು ಬಂದು ಹಿಂದಿನ ಬೆಂಚುಗಳಲ್ಲಿ ಕುಳಿತರು.

ಚನ್ನಪಟ್ಟಣದಿಂದ ಒಂದೇ ಅಳತೆಯ ಮರದ ತುಂಡುಗಳನ್ನು ತಂದಿದ್ದೆ, ಇನ್ನೂರ ಹದಿನಾರು. ಎಣಿಸಿ ತಂದೆನೆಂದೇ ನೆನಪು. ನಿಜವಾಗಿ ಎಣಿಸಿದ್ದೆನೋ, ಎಣಿಸಬೇಕು ಅಂದುಕೊಂಡದ್ದಷ್ಟೇ ನೆನಪಿದೆಯೋ, ಈಗ ಆಣೆ ಮಾಡಿ ಹೇಳಲಾರೆ.

ಎಂಟನೇ ತರಗತಿಯಲ್ಲಿ ಆರು ಗುಂಪು ಮಾಡಿದೆ. ಪ್ರತಿ ಗುಂಪೂ ಮೂವತ್ತಾರು ತುಂಡುಗಳನ್ನು ರಟ್ಟಿನ ಮೇಲೆ ಚೌಕವಾಗಿ ಜೋಡಿಸಬೇಕು. ಅಂಚಿನಲ್ಲಿ ಎಷ್ಟು ಬಂದವೋ ಅದೇ ವರ್ಗಮೂಲ. ಆಮೇಲೆ ಆರೂ ಚೌಕಗಳನ್ನು ಒಂದರ ಮೇಲೊಂದು ಪೇರಿಸಿ ದೊಡ್ಡ ಘನ ಕಟ್ಟಬೇಕು. ಅದರ ಅಂಚೇ ಇನ್ನೂರ ಹದಿನಾರರ ಘನಮೂಲ. ಕೊನೆಯಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ ಪ್ರಶ್ನೆ ಕೇಳಬಹುದು. ಅವರು ತಪ್ಪಿದರೆ ಇಡೀ ಗುಂಪಿಗೆ ಸೊನ್ನೆ.

ಮೂರನೇ ಗುಂಪಿನಲ್ಲಿ ಗುಸುಗುಸು ಎದ್ದಿತು.

"ಒಂದು ಕಮ್ಮಿ ಐತೆ. ನುಂಗ್ಬುಟ್ಟೇನ್ಲಾ?"

"ನುಂಗಾಕೆ ಅದೇನು ಮೈಸೂರುಪಾಕಾ?"

ನಾನು ಹತ್ತಿರ ಹೋಗುವಷ್ಟರಲ್ಲಿ ಪೇರಿಸಿ ಮುಗಿದಿತ್ತು. ಯಾವ ಕಡೆಯಿಂದ ನೋಡಿದರೂ ಘನದಲ್ಲಿ ಕೊರತೆ ಕಾಣಲಿಲ್ಲ. ತಮಾಷೆ ಮಾಡಿರಬೇಕು ಎಂದುಕೊಂಡು ಸುಮ್ಮನಾದೆ.

ಬಂದಿದ್ದವರಲ್ಲಿ ಒಬ್ಬ ಹಿರಿಯ ಶಿಕ್ಷಕಿ ಎದ್ದು ಆ ಗುಂಪಿನ ಒಬ್ಬ ಹುಡುಗಿಯತ್ತ ಕೈ ತೋರಿದರು. ಮೂವತ್ತಾರರ ವರ್ಗಮೂಲ ಕೇಳಿದಾಗಲೆಲ್ಲ ಅರ್ಧ ಮಾಡಿ ಹದಿನೆಂಟು ಎನ್ನುತ್ತಿದ್ದವಳು ಅವಳು.

"ಇನ್ನೂರ ಹದಿನಾರರ ಘನಮೂಲ ಎಷ್ಟಮ್ಮ?"

"ಆರು ಮಿಸ್. ಆದ್ರೆ ಇದ್ರಲ್ಲಿ ಇನ್ನೂರ ಹದಿನೈದೇ ಇರೋದು."

"ಹೇಳ್ಬುಟ್ಲು ಕಣ್ಲಾ!" ಎಂದು ಅವಳ ಗುಂಪಿನ ಹುಡುಗ ತಲೆ ಹಿಡಿದುಕೊಂಡ.

"ನಮ್ಮ ಗುಂಪಲ್ಲಿ ಒಂದು ಕಮ್ಮಿ ಇತ್ತು. ಕಾಣ್ದಂಗೆ ಮಧ್ಯದಲ್ಲಿ ಜಾಗ ಬುಟ್ಟಿದ್ದೀವಿ," ಎಂದಳು ಹುಡುಗಿ.

"ಮತ್ತೆ ಅಂಚು ಆರು ಹೇಗೆ ಬಂತು?"

"ಹಿಪ್ಪುನೇರಳೆ ತೋಟ್ದಲ್ಲಿ ನಡುವೆ ಒಂದು ಗಿಡ ಸತ್ರೆ ಸಾಲು ಕಮ್ಮಿ ಆಯ್ತದಾ ಮಿಸ್? ಸಾಲು ಆರೇ. ಆ ಜಾಗ ತುಂಬುದ್ರೆ ಇನ್ನೂರ ಹದಿನಾರು."

ಶಿಕ್ಷಕಿ ಬಿಡಲಿಲ್ಲ. "ಹಾಗಾದರೆ ಇನ್ನೂರ ಹದಿನೈದರ ಘನಮೂಲ?"

ಹುಡುಗಿ ಗೆಳೆಯರತ್ತ ನೋಡಿದಳು. ನಾನು ಈ ಪ್ರಶ್ನೆಗೆ ಅವರನ್ನು ಸಿದ್ಧ ಮಾಡಿರಲಿಲ್ಲ.

"ಆರಕ್ಕಿಂತ ಒಸಿ ಕಮ್ಮಿ," ಎಂದಳು ಮೆಲ್ಲಗೆ. "ಪೂರ್ತಿ ಸಂಖ್ಯೆ ಬರಾಕಿಲ್ಲ."

ಶಿಕ್ಷಕಿ ನಕ್ಕು ಕುಳಿತರು. ತಲೆ ಹಿಡಿದುಕೊಂಡಿದ್ದ ಹುಡುಗ ಇನ್ನೂ ನನ್ನನ್ನೇ ನೋಡುತ್ತಿದ್ದ.

"ಸಾ, ನಮ್ಗೆ ಸೊನ್ನೆನಾ?"

"ಪೂರ್ತಿ ಅಂಕ ಕಣೋ, ಕೂತ್ಕೊ," ಎಂದೆ.