ತಾನೇ ಸರಿಹೋಗುವ ವಾಚು

ಕಳೆದ ಭಾನುವಾರ ಚಿಕ್ಕಮಗಳೂರಿನ ಕಾಲೇಜೊಂದರ ಗೇಟಿನ ಮುಂದೆ ನಿಂತು ಸೆಕ್ಯುರಿಟಿಯವನಿಗೆ ಕೈ ಮುಗಿದೆ. ಐವತ್ತೆಂಟು ವರ್ಷದ ಕಾಫಿ ಪ್ಲಾಂಟರ್ ನಾನು! ಕಾರಣ, ನನ್ನ ಕೈಯಲ್ಲಿದ್ದ ವಾಚು.

ಇದು ಅಂತಿಂಥ ವಾಚಲ್ಲ, ರೇಡಿಯೊ ಕಂಟ್ರೋಲ್ಡ್. ಪರದೇಶದ ಟವರೊಂದು ಅಟಾಮಿಕ್ ಗಡಿಯಾರದ ಟೈಮನ್ನು ರೇಡಿಯೊದಲ್ಲಿ ಕಳಿಸುತ್ತದೆ. ವಾಚು ಅದನ್ನು ಹಿಡಿದು ಮುಳ್ಳುಗಳನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಮೊದಮೊದಲು ಇಂಥ ವಾಚುಗಳಲ್ಲಿ ಆಂಟೆನಾ ಡಯಲಿನ ನಡುವೆಯೇ ಅಡ್ಡ ಮಲಗಿರುತ್ತಿತ್ತಂತೆ. ಆಮೇಲೆ ಅಂಚಿಗೆ ಸರಿಯಿತು. ಲೋಹದ ಕೇಸು ಸಿಗ್ನಲ್ ತಡೆಯುತ್ತದೆಂದು ಏನೇನೋ ಒದ್ದಾಡಿ, ಕೊನೆಗೆ ಲೋಹದೊಳಗೇ ಅಡಗಿಸಿದರು. ಈಗ ನೋಡಲು ಮಾಮೂಲಿ ಮುಳ್ಳಿನ ವಾಚೇ. (ಇಷ್ಟೆಲ್ಲ ಓದಿದವನು ಮುಖ್ಯವಾದದ್ದೊಂದನ್ನು ಮಾತ್ರ ಓದಿರಲಿಲ್ಲ.)

ನಾಲ್ಕು ತಿಂಗಳ ಹಿಂದೆ ಭಾವ ಜರ್ಮನಿಯಿಂದ ತಂದುಕೊಟ್ಟರು. ಎಸ್ಟೇಟ್ ಆಫೀಸಿನ ಹಳೇ ಗೋಡೆ ಗಡಿಯಾರ ನೋಡಿ ಅಂದಾಜಿಗೆ ಟೈಮ್ ಇಟ್ಟೆ. ಉಳಿದದ್ದನ್ನು ಟವರ್ ನೋಡಿಕೊಳ್ಳುತ್ತದಲ್ಲ! ಮಾರನೇ ದಿನ ನೋಡಿದರೆ ನನ್ನ ಮೊಬೈಲ್ ಹನ್ನೊಂದು ನಿಮಿಷ ಮುಂದಿತ್ತು. ನಗು ಬಂತು. ಬಾಳೂರಿನ ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಬೇಕೆಂದರೆ ಬಂಡೆ ಹತ್ತಬೇಕು. ಅಂಥ ಮೊಬೈಲಿನ ಟೈಮ್ ನಂಬುವುದುಂಟೆ?

ಭಾನುವಾರ ನಮ್ಮ ಮೇಸ್ತ್ರಿ ಶೇಷಪ್ಪನ ಮಗಳು ಸೌಮ್ಯಳಿಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಒಂಬತ್ತೂವರೆಗೆ ಗೇಟ್ ಬಂದ್. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. "ಜೀಪಲ್ಲಿ ನಾನೇ ಬಿಡ್ತೀನಿ, ಏಳಕ್ಕೆ ಬಾ" ಎಂದಿದ್ದೆ.

ಬಂದಳು. "ಸಾರ್, ಏಳಾಯ್ತು. ಹೊರಡಣ್ವಾ?"

"ಇನ್ನೂ ಹನ್ನೊಂದು ನಿಮಿಷ ಇದೆ ಮಾರಾಯ್ತಿ. ನಿನ್ನ ಮೊಬೈಲ್ ನಂಬ್ಬೇಡ. ಇದು ತಪ್ಪೋದೇ ಇಲ್ಲ."

ಅವಳು ಹಾಲ್ ಟಿಕೆಟ್ ಹಿಡಿದು ಅಂಗಳದಲ್ಲೇ ನಿಂತಳು. ನಾನು ಎರಡನೇ ಲೋಟ ಕಾಫಿ ಕುಡಿದೆ.

ದಾರಿಯಲ್ಲಿ ಮಂಜು. ಸಾಲದ್ದಕ್ಕೆ ಟೂರಿಸ್ಟ್ ಕಾರುಗಳ ಸಾಲು. ಕಾಲೇಜು ತಲುಪಿದಾಗ ಸೆಕ್ಯುರಿಟಿಯವನು ಗೇಟು ಎಳೆಯುತ್ತಿದ್ದ. "ಇನ್ನೂ ಟೈಮ್ ಇದೆಯಲ್ರೀ!" ಎಂದು ವಾಚು ತೋರಿಸಿದೆ. ಅವನು ಒಳಗಿನ ಗೋಡೆ ಗಡಿಯಾರ ತೋರಿಸಿದ. ಸರಿಯಾಗಿ ಒಂಬತ್ತೂವರೆ. ಆಗಲೇ ನಾನು ಕೈ ಮುಗಿದದ್ದು. ಸೌಮ್ಯ ಕಾಯಲಿಲ್ಲ. ಚಪ್ಪಲಿ ಕೈಗೆತ್ತಿಕೊಂಡು ಗೇಟಿನ ಸಂದಿಯಲ್ಲಿ ನುಗ್ಗಿ ಓಡಿದಳು. ಪುಣ್ಯಕ್ಕೆ ಒಳಗೆ ಕೂರಿಸಿದರು. ನನಗೆ ನಾಚಿಕೆಯಾಯಿತು.

ಜೀಪಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಇಂಥ ಟವರ್ ಇರುವುದು ಜರ್ಮನಿ, ಇಂಗ್ಲೆಂಡ್, ಅಮೆರಿಕ, ಜಪಾನ್, ಚೀನಾದ ಕಡೆ. ನನ್ನ ವಾಚು ಹಿಡಿಯುವ ಸಿಗ್ನಲ್ ನಮ್ಮ ಬೆಟ್ಟದವರೆಗೆ ಬರುವುದೇ ಇಲ್ಲ. ಅಂದರೆ ನಾಲ್ಕು ತಿಂಗಳಿಂದ ನಾನು ಕಟ್ಟಿಕೊಂಡು ಮೆರೆದದ್ದು ಹನ್ನೊಂದು ನಿಮಿಷ ಹಿಂದಿದ್ದ ಆಫೀಸಿನ ಗೋಡೆ ಗಡಿಯಾರದ ಟೈಮನ್ನು!

ವಾಪಸ್ ಬಂದವನೇ ಶೇಷಪ್ಪನನ್ನು ಕೇಳಿದೆ. "ನಿಮ್ಮೆಲ್ಲರ ಮೊಬೈಲಲ್ಲೂ ಸರಿ ಟೈಮ್ ಇತ್ತಲ್ಲ ಮಾರಾಯ, ಒಬ್ರಾದ್ರೂ ಹೇಳ್ಬಾರ್ದಿತ್ತಾ?"

"ಆ ವಾಚು ತಪ್ಪೋದೇ ಇಲ್ಲ ಅಂತ ನೀವೇ ಅಂದಿದ್ರಲ್ಲ ಸಾರ್. ಮಗೂಗೆ ಪರೀಕ್ಷೆ, ಅದಕ್ಕೆ ಬಾಯಿ ಬಿಡ್ತು. ಸಂಜೆ ಬೆಲ್ಲಿನ ವಿಷ್ಯ ನಾವು ಹೆಂಗೆ ಹೇಳದು?"

ಬೆಲ್ಲು? ಬೆಳಿಗ್ಗೆ ಆಳುಗಳ ಹಾಜರಿ ಹಾಕುವವರು ಲೆಕ್ಕ ಬರೆಯುವ ರೈಟರ್, ಅವರ ಮೊಬೈಲ್ ಟೈಮಿಗೆ. ಸಂಜೆ ಕೆಲಸ ಬಿಡುವ ಬೆಲ್ ಹೊಡೆಸುವವನು ನಾನು, ನನ್ನ ವಾಚು ನೋಡಿ. ನಾಲ್ಕು ತಿಂಗಳು, ದಿನಾ ಹನ್ನೊಂದು ನಿಮಿಷ ತಡವಾಗಿ.

ಸರಿಯಾದ ಟೈಮ್ ಇಡೀ ಎಸ್ಟೇಟಿಗೆ ಗೊತ್ತಿತ್ತು. ಬೆಲ್ ಮಾತ್ರ ನನ್ನ ಕೈಯಲ್ಲಿತ್ತು.