ಪಿಲ್ಲವ್ವಬಾಯಿಯ ತೊಟ್ಟಿಲು

ಊರಿನ ಯಾರನ್ನು ಕಂಡರೂ ಪಿಲ್ಲವ್ವಬಾಯಿಗೆ ಅವರು ಹುಟ್ಟಿದ ಗಳಿಗೆಯೇ ನೆನಪಾಗುತ್ತಿತ್ತು. ಪಂಚಾಯಿತಿ ಮೆಂಬರ್ ಬಸವರಾಜ ಗರಿಗರಿ ಅಂಗಿ ತೊಟ್ಟು ಬೈಕಿನ ಮೇಲೆ ಭರ್ರನೆ ಹೊರಟರೆ, ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದರು: "ಸಾವಕಾಶ ಹೋಗಲೇ ಬಸ್ಯಾ! ಹುಟ್ಟೂವಾಗೂ ಹಿಂಗ ಅವಸರ ಮಾಡಿ, ಕಾಲು ಮುಂದ ಮಾಡಿ ಬಂದಿದ್ದಿ." ನನ್ನದು ಬೇರೆ ಕಥೆ. "ನೀ ಹುಟ್ಟಿದ ಮ್ಯಾಲೆ ಅಳಲೇ ಇಲ್ಲ ಬೇ. ಎರಡು ಏಟು ಕೊಟ್ಟ ಮ್ಯಾಲೇನ ಬಾಯಿ ಬಿಟ್ಟಿ. ಈಗ ನೋಡಿದರ ಸಾಲಿ ಹುಡುಗರ ಮುಂದ ದಿನಾ ಒದರತಿ!"

ಹೆಸರು ಫಿಲೋಮಿನಾ. ನಮ್ಮ ಊರ ನಾಲಿಗೆಗೆ ಅದು ಒಗ್ಗಲಿಲ್ಲ, ಪಿಲ್ಲವ್ವ ಆಯಿತು, ಗೌರವಕ್ಕೆ ಬಾಯಿ ಸೇರಿತು. ಕಾರವಾರದ ಕಡೆಯಿಂದ ಕಲಘಟಗಿ ತಾಲೂಕಿನ ಈ ಹಳ್ಳಿಗೆ ಹೆರಿಗೆ ಮಾಡಿಸುವ ನರ್ಸ್ ಆಗಿ ಬಂದವರು ನಿವೃತ್ತಿಯಾದ ಮೇಲೂ ನಮ್ಮ ಎದುರುಮನೆಯಲ್ಲೇ ಉಳಿದರು. ಊರಿಗೆಲ್ಲ ಅದೊಂದೇ ಕ್ರಿಶ್ಚಿಯನ್ ಮನೆ. ಮದುವೆ ಆಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, "ನನಗ ಮಕ್ಕಳೇನ ಕಮ್ಮಿ? ಓಣಿ ತುಂಬ ಅದಾವು, ಒಂದೂ ಹೇಳಿದ ಮಾತು ಕೇಳೂದಿಲ್ಲ," ಎಂದು ನಗುತ್ತಿದ್ದರು.

ಸೆಪ್ಟೆಂಬರ್ ಬಂತೆಂದರೆ ಅವರ ಮನೆಯಲ್ಲಿ ಮೇರಿ ಮಾತೆ ಹುಟ್ಟಿದ ಹಬ್ಬ. ಗೇಣುದ್ದದ ಮರದ ಕೂಸು, ಅದಕ್ಕೊಂದು ಕಲಘಟಗಿಯ ಬಣ್ಣದ ತೊಟ್ಟಿಲು. ತನ್ನ ಸೊಸೆಯ ಕಷ್ಟದ ಹೆರಿಗೆ ಬಾಯಿಯ ಕೈಯಲ್ಲಿ ಸುಸೂತ್ರವಾದ ಖುಷಿಗೆ ಅಲ್ಲಿನ ಚಿತ್ರಗಾರನೊಬ್ಬ ಮಾಡಿಕೊಟ್ಟದ್ದಂತೆ. ಒಂಬತ್ತು ದಿನ ಸಂಜೆ ಬಾಯಿ ಕೈಗಂಟೆ ಬಾರಿಸುತ್ತಿದ್ದರು. ಓಣಿಯ ಮಕ್ಕಳೆಲ್ಲ ಲಂಗದ ಉಡಿಯಲ್ಲಿ, ಟೊಪ್ಪಿಗೆಯಲ್ಲಿ ಹೂವು ತುಂಬಿಕೊಂಡು ಓಡುತ್ತಿದ್ದೆವು. ಕೊಂಡ ಹೂವು ನಡೆಯುತ್ತಿರಲಿಲ್ಲ. ಬದುವಿನ ತುಂಬೆ, ಹಿತ್ತಲ ಚೆಂಡು ಹೂವು, ಏನಾದರೂ ಸರಿ, ಕೈಯಾರೆ ಕಿತ್ತದ್ದಾಗಬೇಕು. ಕಡೆಯ ದಿನ ಎಲ್ಲರೂ ಸೇರಿ ಕೂಸಿನ ಮೇಲೆ ಹೂವು ಎರಚಿ, ಹೊಸ ತೆನೆಯ ಕಾಳು ಉದುರಿಸಿದ ಪಾಯಸ ಕುಡಿಯುತ್ತಿದ್ದೆವು. ಆ ದಿನ ಅವರ ಮನೆಯಲ್ಲಿ ಮೀನು, ಮೊಟ್ಟೆ ಯಾವುದೂ ಇಲ್ಲ. ಹೀಗಾಗಿ ನನ್ನ ಅಜ್ಜಿಯಂಥ ಮಡಿವಂತ ಲಿಂಗಾಯತರೂ ಎರಡು ಬಟ್ಟಲು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ತೊಟ್ಟಿಲು ಕಂಡ ಮೇಲೆ ನಮ್ಮ ಹೆಂಗಸರು ಸುಮ್ಮನಿರುವವರೇ? ಜೋಗುಳ ಹಾಡಿ, ಕೂಸಿನ ಕಿವಿಯಲ್ಲಿ ಹೆಸರು ಊದಿ, ಊದಿದವಳ ಬೆನ್ನಿಗೆ ಗುದ್ದು ಹಾಕಿ ಪ್ರತಿ ವರ್ಷ ನಾಮಕರಣ ಮಾಡಿಬಿಡುತ್ತಿದ್ದರು. ಒಂದು ವರ್ಷ ನೀಲವ್ವ, ಮರುವರ್ಷ ಗಂಗವ್ವ. ಹುಬ್ಬಳ್ಳಿಯಿಂದ ಬಂದ ಫಾದರ್ ಒಮ್ಮೆ ಇದನ್ನು ಕಂಡು ಕಕ್ಕಾಬಿಕ್ಕಿಯಾದರು. ಬಾಯಿ ಹೇಳಿದರು: "ಹೆಸರು ಎಷ್ಟಿದ್ದರೇನ್ರಿ ಫಾದರ್, ಕೂಸಿನ್ನ ತೂಗಾವರು ಇರಬೇಕು." ಹಬ್ಬ ಮುಗಿದು ಕೂಸು ಪೆಟ್ಟಿಗೆ ಸೇರಿದ ಮೇಲೆ ನಾವು ತೊಟ್ಟಿಲಿಗೆ ಕೈ ಹಚ್ಚಿದರೆ ಮಾತ್ರ ಸಿಡಿಯುತ್ತಿದ್ದರು. "ಖಾಲಿ ತೊಟ್ಟಿಲ ತೂಗಬಾರದು! ಮನಿಗೆ ಒಳ್ಳೇದಲ್ಲ!" ಈ ನಂಬಿಕೆ ಅವರಿಗೆ ಕಲಿಸಿದವರೂ ನಮ್ಮ ಹೆಂಗಸರೇ.

ಎರಡು ವರ್ಷದ ಹಿಂದೆ ಯಾರೋ ಈ ಹೂವಿನ ಹಬ್ಬವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದರು. ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಮುದುಕಿ ಏನು ಮಾಡುತ್ತಾಳೆ ಎಂಬ ಮಾತು ಎದ್ದಿತು. ಹೋದ ವರ್ಷ ಹಬ್ಬಕ್ಕೆ ಮೊದಲು ಬಸವರಾಜ ಬಂದು, ಅದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ. ನಾನೂ ಅಲ್ಲೇ ಇದ್ದೆ.

"ಈ ವರ್ಷ ಹುಡುಗರನ್ನ ಕರೀಬ್ಯಾಡ್ರಿ ಬಾಯಿ. ನಮಗೇನ ನಿಮ್ಮ ಮ್ಯಾಲೆ ಸಿಟ್ಟಿಲ್ರಿ."

"ಸಿಟ್ಟಿದ್ದರ ಚಲೋ ಇತ್ತಲೇ," ಎಂದರು ಬಾಯಿ. "ಬೈದು ಕಳಸ್ತಿದ್ದೆ."

ಅವನು ನನ್ನ ಕಡೆ ತಿರುಗಿ, "ಟೀಚರ್, ನೀವರೆ ತಿಳಿಸಿ ಹೇಳ್ರಿ," ಎಂದ. ನಾನು ಲೋಟ ನೋಡುತ್ತ ಕುಳಿತೆ. ನನಗೆ ನೌಕರಿಯ ಭಯ, ಜನರ ಭಯ. ಇನ್ನೂ ನೇರವಾಗಿ ಹೇಳಬೇಕೆಂದರೆ ನಾನು ಹೇಡಿ.

ಬಾಯಿ ಹಟ ಬಿಡಲಿಲ್ಲ. ಮೊದಲ ಸಂಜೆಯೇ ಗಂಟೆ ಬಾರಿಸಿದರು. ಯಾರೂ ಹೋಗಲಿಲ್ಲ. ಕಡೆಯ ದಿನ ಮೂರು ಸಲ ಬಾರಿಸಿದರು. ಪಾಯಸದ ವಾಸನೆ ನಮ್ಮ ಪಡಸಾಲೆಗೂ ಬಂತು. ನನ್ನ ಮಗಳು ಉಡಿ ತುಂಬ ಚೆಂಡು ಹೂವು ಕಿತ್ತು ತಂದು ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಬಾಯಿ ಕರಿಯಾಕತ್ತಾರ."

"ಸುಮ್ನ ಒಳಗ ಬಾ," ಎಂದು ಬಾಗಿಲು ಹಾಕಿದೆ.

ಮರುದಿನ ಮಗಳು ಎಂದಿನಂತೆ ಬಾಯಿಯ ಕಿಟಕಿಯ ಮುಂದೆಯೇ ಗೆಳತಿಯರೊಂದಿಗೆ ಕೂಗಾಡುತ್ತ ಶಾಲೆಗೆ ಓಡಿದಳು. ಸ್ವಲ್ಪ ಹೊತ್ತು ಬಿಟ್ಟು, ಅವರದೊಂದು ಪಾತ್ರೆ ಹಿಂತಿರುಗಿಸುವ ನೆಪದಲ್ಲಿ ನಾನು ಹೋದೆ. ಕೂಸು ಆಗಲೇ ಪೆಟ್ಟಿಗೆ ಸೇರಿತ್ತು. ಬಾಯಿ ನೆಲದ ಮೇಲೆ ಕುಳಿತು ಖಾಲಿ ತೊಟ್ಟಿಲು ತೂಗುತ್ತಿದ್ದರು.

"ತೂಗಬಾರದು ಅಂತ ನೀವ ಹೇಳತಿದ್ರೆಲ್ಲ ಬಾಯಿ," ಎಂದೆ.

"ಇನ್ನೇನ ಕೆಡೂದೈತಿ, ಬಿಡ," ಎಂದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು: "ನಿನ್ನಿ ಮಗಳಿಗೆ ಜ್ವರ ಬಂದಿದ್ದವೇನ?"

"ಹೌದ್ರಿ," ಎಂದೆ.

ಎದ್ದು ಹೋಗಿ ಹಳೆಯ ತಗಡಿನ ಡಬ್ಬಿಯಿಂದ ಒಂದು ಗುಳಿಗೆ ತೆಗೆದು, ಎರಡಾಗಿ ಮುರಿದು, ಅರ್ಧವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಉಂಡ ಮ್ಯಾಲೆ ಕೊಡು. ಖಾಲಿ ಹೊಟ್ಟ್ಯಾಗ ಬ್ಯಾಡ."

ದಸರೆಗೆ ಮೊದಲೇ ಅವರು ಸಿಸ್ಟರುಗಳು ನಡೆಸುವ ವೃದ್ಧಾಶ್ರಮಕ್ಕೆ ಹೊರಟುಹೋದರು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಹೋದರು. ಯುಗಾದಿಯ ಹೊತ್ತಿಗೆ ತೀರಿಕೊಂಡ ಸುದ್ದಿ ಬಂತು, ಮಣ್ಣಿಗೆ ಊರಿನಿಂದ ಯಾರೂ ಹೋಗಲಿಲ್ಲ. ಈಗ ಮತ್ತೆ ಸೆಪ್ಟೆಂಬರ್, ಹಿತ್ತಲ ತುಂಬ ಚೆಂಡು ಹೂವು. ಆ ಅರ್ಧ ಗುಳಿಗೆ ನಮ್ಮ ಗೋಡೆಯ ಗೂಡಿನಲ್ಲಿ ಕಾಗದದ ಸಮೇತ ಹಾಗೇ ಇದೆ.